ಸಮಾರಂಭಗಳಿಗೆ ಶಾಮಿಯಾನ, ಪಾತ್ರೆ ಮತ್ತಿತರ ಪರಿಕರಗಳನ್ನು ಬಾಡಿಗೆಗೆ ಪಡೆಯುವಾಗ ಗ್ರಾಹಕರು ಗಮನಿಸತಕ್ಕ ಅಂಶಗಳು

ಮದುವೆ, ಉಪನಯನ, ಗೃಹಪ್ರವೇಶ, ಸೀಮಂತ, ನಾಮಕರಣ, ವೈಕುಂಠ ಸಮಾರಾಧನೆ ಮುಂತಾದ ಸಮಾರಂಭಗಳಿಗೆ ಬೇಕಾಗುವ ಶಾಮಿಯಾನ, ಕುರ್ಚಿ, ಮೇಜು, ಜಮಖಾನ, ಅಡುಗೆ ಪಾತ್ರೆ, ವಿದ್ಯುದ್ದೀಪ, ಧ್ವನಿವರ್ಧಕ ಹಾಗೂ ಜನರೇಟರುಗಳನ್ನು ಸ್ವಂತಕ್ಕೆ ಹೊಂದಿರುವ ಕುಟುಂಬಗಳು ಇಲ್ಲವೆಂದೇ ಹೇಳಬಹುದು. ಹಿಂದೆ ಗ್ರಾಮಗಳಲ್ಲಿ ದೇವಸ್ಥಾನದ ಅಥವಾ ಊರೊಟ್ಟಿನ ಹಂಡೆ, ಕೊಪ್ಪರಿಗೆಗಳನ್ನು ತಂದು, ನೆರೆಹೊರೆಯವರೇ ಕೂಡಿ ತೆಂಗಿನ ಗರಿಯ ಚಪ್ಪರವನ್ನು ಹಾಕುವ ಪದ್ಧತಿ ಇತ್ತು. ಈಗ ಈ ಕಾರ್ಯವನ್ನು ಬಹುಮಟ್ಟಿಗೆ ಶಾಮಿಯಾನ ಸಪ್ಲೈಯರ್ಸ್ ಎಂದು ಕರೆಯಲ್ಪಡುವ ಬಾಡಿಗೆ ಸಂಸ್ಥೆಗಳು ನಿರ್ವಹಿಸುತ್ತಿವೆ. ಹೋಬಳಿ ಕೇಂದ್ರಗಳಲ್ಲಿಯೂ ಇಂತಹ ಅಂಗಡಿಗಳು ಕಂಡುಬರುತ್ತವೆ.

ಈ ವ್ಯವಹಾರದ ವೈಶಿಷ್ಟ್ಯವೆಂದರೆ ಗ್ರಾಹಕನಿಗೆ ಎರಡನೆಯ ಅವಕಾಶವಿರುವುದಿಲ್ಲ. ಕೊಂಡ ಮಿಕ್ಸರ್ ಕೆಟ್ಟರೆ ಬದಲಾಯಿಸಿಕೊಳ್ಳಬಹುದು. ಮುಹೂರ್ತದ ದಿನ ಬೆಳಿಗ್ಗೆ ಬಾರದ ಶಾಮಿಯಾನವನ್ನು ಮರುದಿನ ಪಡೆದು ಪ್ರಯೋಜನವಿಲ್ಲ. ಆದರೂ ಬಹುತೇಕ ಕುಟುಂಬಗಳಲ್ಲಿ ಈ ಏರ್ಪಾಡು ಒಂದು ದೂರವಾಣಿ ಕರೆ ಮತ್ತು ಬಾಯಿಮಾತಿನ ಮುಂಗಡದಲ್ಲಿಯೇ ಮುಗಿದುಹೋಗುತ್ತದೆ. ಆದುದರಿಂದ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ. ಇಲ್ಲಿ ಪರಿಕರಗಳನ್ನು ಬಾಡಿಗೆಗೆ ನೀಡುವವರನ್ನು 'ಸರಬರಾಜುದಾರರು' ಎಂದೂ, ಪಡೆಯುವವರನ್ನು 'ಗ್ರಾಹಕರು' ಎಂದೂ ಕರೆಯಲಾಗಿದೆ.

ಸುರಕ್ಷತೆಯ ಪ್ರಶ್ನೆ

ಸರಬರಾಜುದಾರರ ಆಯ್ಕೆಯನ್ನು ಕೇವಲ ದರದ ವಿಷಯವೆಂದು ಭಾವಿಸುವುದು ಸರಿಯಲ್ಲ. ದಿನಾಂಕ 7-2-1981ರಂದು ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ತಗುಲಿ 90ಕ್ಕೂ ಹೆಚ್ಚು ಮಂದಿ ಮೃತಪಟ್ಟರು; ಇವರಲ್ಲಿ ಹೆಚ್ಚಿನವರು ಮಕ್ಕಳು. ದಿನಾಂಕ 23-12-1995ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ಬಹುಮಾನ ವಿತರಣಾ ಸಮಾರಂಭಕ್ಕೆ ಹಾಕಿದ್ದ ಕೃತಕ ನೂಲಿನ ಬಟ್ಟೆಯ ಪೆಂಡಾಲು ಹೊತ್ತಿಕೊಂಡು 400ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗದ ಮದುವೆ ಮಂಟಪವೊಂದರಲ್ಲಿ ತಾತ್ಕಾಲಿಕ ಚಪ್ಪರಕ್ಕೆ ಬೆಂಕಿ ಬಿದ್ದು ವರನೂ ಸೇರಿದಂತೆ 50ಕ್ಕೂ ಹೆಚ್ಚು ಮಂದಿ ಅಸುನೀಗಿದರು. 2019ರ ಜೂನ್ ತಿಂಗಳಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ಗಾಳಿ ಮಳೆಗೆ ಪೆಂಡಾಲು ಕುಸಿದು, ವಿದ್ಯುತ್ ಪ್ರವಹಿಸಿ 14 ಜನರು ಸಾವಿಗೀಡಾದರು.

ಈ ಘಟನೆಗಳನ್ನು ಒಟ್ಟಾಗಿ ನೋಡಿದಲ್ಲಿ ಬೇಗ ಹೊತ್ತಿಕೊಳ್ಳುವ ಹೊದಿಕೆ, ಸಡಿಲವಾದ ವಿದ್ಯುತ್ ಜೋಡಣೆ, ಸಾಲದ ನಿರ್ಗಮನ ದಾರಿ ಮತ್ತು ಗಾಳಿಯನ್ನು ತಡೆಯಲಾರದ ಕಂಬಗಳು, ಇವುಗಳಲ್ಲಿ ಒಂದಲ್ಲ ಒಂದು ಕಂಡುಬರುತ್ತದೆ. ಇವೆಲ್ಲವೂ ಸರಬರಾಜುದಾರರು ತರುವ ಸಾಮಗ್ರಿ ಹಾಗೂ ಅವರ ಕೆಲಸಗಾರರ ಕೈಚಳಕವನ್ನು ಅವಲಂಬಿಸಿದ ಸಂಗತಿಗಳು.

ಸರಬರಾಜುದಾರರನ್ನು ಆಯ್ಕೆ ಮಾಡುವ ಬಗೆ

ವೈಶಾಖ, ಜ್ಯೇಷ್ಠ, ಮಾಘ, ಫಾಲ್ಗುಣ ಮಾಸಗಳ ಮುಖ್ಯ ಮುಹೂರ್ತಗಳಂದು ಒಂದೇ ಊರಿನಲ್ಲಿ ಹಲವಾರು ಮದುವೆಗಳು ನಡೆಯುತ್ತವೆ. ಅಂತಹ ದಿನಗಳಿಗೆ ಕೆಲವು ಸರಬರಾಜುದಾರರು ತಮ್ಮಲ್ಲಿರುವ ಸಾಮಗ್ರಿಗಿಂತ ಹೆಚ್ಚಿನ ಬೇಡಿಕೆಗಳನ್ನು ಒಪ್ಪಿಕೊಂಡು, ಉಳಿದದ್ದನ್ನು ಬೇರೆ ಊರಿನ ಅಂಗಡಿಗಳಿಂದ ತರಿಸಿಕೊಡುವುದುಂಟು. ಇದು ಸ್ವತಃ ತಪ್ಪಲ್ಲ. ಆದರೆ ಗ್ರಾಹಕರಿಗೆ ತಿಳಿಸದೆ ಹೀಗೆ ಮಾಡಿದಾಗ ತೋರಿಸಿದ ಸಾಮಗ್ರಿ ಒಂದು, ಬಂದ ಸಾಮಗ್ರಿ ಇನ್ನೊಂದು ಎಂಬಂತಾಗುತ್ತದೆ. ಆದ ಕಾರಣ "ಆ ದಿನಕ್ಕೆ ಒಪ್ಪಿಕೊಂಡಿರುವ ಬೇರೆ ಕಾರ್ಯಗಳೆಷ್ಟು? ಸಾಮಗ್ರಿ ಸ್ವಂತದ್ದೇ ಅಥವಾ ಹೊರಗಿನಿಂದ ಬರುವುದೇ?" ಎಂದು ನೇರವಾಗಿ ಕೇಳುವುದು ಸೂಕ್ತ. ನಂಬಿಕಸ್ಥ ಸರಬರಾಜುದಾರರು ತಮ್ಮ ಬುಕಿಂಗ್ ಪುಸ್ತಕವನ್ನು ತೆರೆದು ತೋರಿಸಲು ಹಿಂಜರಿಯುವುದಿಲ್ಲ.

ಅಂಗಡಿಯ ಗೋಡೆಗೆ ಅಂಟಿಸಿದ ಛಾಯಾಚಿತ್ರಗಳನ್ನಾಗಲಿ, ಮೊಬೈಲಿಗೆ ಬಂದ ಚಿತ್ರಗಳನ್ನಾಗಲಿ ನೋಡಿ ನಿರ್ಧಾರ ಕೈಗೊಳ್ಳದೆ, ಸಾಧ್ಯವಾದಲ್ಲಿ ಗೋದಾಮಿಗೆ ಒಮ್ಮೆ ಭೇಟಿ ನೀಡತಕ್ಕದ್ದು. ಬಟ್ಟೆಗಳನ್ನು ಒಣಗಿಸಿ ಮಡಚಿಟ್ಟಿದ್ದಾರೆಯೇ ಅಥವಾ ಒದ್ದೆಯಾಗಿಯೇ ಗುಡ್ಡೆ ಹಾಕಿದ್ದಾರೆಯೇ, ವೈರುಗಳನ್ನು ಸುರುಳಿ ಸುತ್ತಿ ತೂಗುಹಾಕಿದ್ದಾರೆಯೇ, ಪಾತ್ರೆಗಳು ಬೋರಲಾಗಿವೆಯೇ, ಒಂದರೊಳಗೊಂದು ಪ್ಲಾಸ್ಟಿಕ್ ಕುರ್ಚಿಗಳ ಸೀಳಿದ ಕಾಲುಗಳನ್ನು ಬೇರೆ ತೆಗೆದಿಟ್ಟಿದ್ದಾರೆಯೇ ಎಂಬುದು ಐದು ನಿಮಿಷದಲ್ಲಿ ಗೋಚರವಾಗುತ್ತದೆ. ಗೋದಾಮಿನ ಸ್ಥಿತಿಯು ಅಂಗಡಿಯವರ ಮಾತಿಗಿಂತ ಹೆಚ್ಚು ವಿಶ್ವಾಸಾರ್ಹ. ಇತ್ತೀಚೆಗೆ ಅವರಿಂದ ಪರಿಕರಗಳನ್ನು ಪಡೆದ ಎರಡು ಮನೆಯವರನ್ನು ವಿಚಾರಿಸುವಾಗ "ಚೆನ್ನಾಗಿತ್ತೇ?" ಎಂದು ಕೇಳುವುದಕ್ಕಿಂತ "ಎಷ್ಟು ಗಂಟೆಗೆ ಬಂದರು? ಠೇವಣಿ ಹಣ ಪೂರ್ತಿ ಹಿಂದಕ್ಕೆ ಬಂತೇ?" ಎಂದು ಕೇಳಿದರೆ ಉಪಯುಕ್ತ ಉತ್ತರ ದೊರೆಯುತ್ತದೆ.

ಸ್ಥಳೀಯ ಸಂಸ್ಥೆಯಿಂದ ಪಡೆದ ಉದ್ದಿಮೆ ಪರವಾನಗಿ ಹಾಗೂ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ ಅಡಿಯಲ್ಲಿನ ನೋಂದಣಿ ಪತ್ರಗಳು ಇದ್ದಲ್ಲಿ ವಿವಾದದ ಸಂದರ್ಭದಲ್ಲಿ ಸರಬರಾಜುದಾರರ ಪೂರ್ಣ ಹೆಸರು ಮತ್ತು ವಿಳಾಸವನ್ನು ಹುಡುಕಬೇಕಾಗುವುದಿಲ್ಲ. ನೋಂದಣಿ ಇದ್ದ ಮಾತ್ರಕ್ಕೆ ಸೇವೆ ಉತ್ತಮವಾಗಿರುತ್ತದೆಂದು ತಿಳಿಯಬಾರದು. ಆದರೆ ವಿಳಾಸವೇ ಇಲ್ಲದ, ಮೊಬೈಲ್ ಸಂಖ್ಯೆ ಮಾತ್ರವಿರುವ ಮಧ್ಯವರ್ತಿಗೆ ದೊಡ್ಡ ಮೊತ್ತದ ಮುಂಗಡ ನೀಡುವುದು ಸೂಕ್ತವಲ್ಲ.

ಬಾಡಿಗೆ, ಮುಂಗಡ, ಠೇವಣಿ ಮತ್ತು ತೆರಿಗೆ

ಈ ವ್ಯವಹಾರದಲ್ಲಿ ಉದ್ಭವಿಸುವ ಹಣಕಾಸಿನ ತಕರಾರುಗಳಲ್ಲಿ ಹಲವು ಮುಂಗಡ ಮತ್ತು ಠೇವಣಿಗಳ ನಡುವಿನ ವ್ಯತ್ಯಾಸವನ್ನು ತಿಳಿಯದೆ ಇರುವುದರಿಂದ ಉಂಟಾಗುತ್ತವೆ. ಮುಂಗಡವು ಬಾಡಿಗೆಯ ಒಂದು ಭಾಗ; ಅಂತಿಮ ಬಿಲ್ಲಿನಲ್ಲಿ ಅದನ್ನು ಕಳೆಯಲಾಗುತ್ತದೆ. ಠೇವಣಿಯು ಗ್ರಾಹಕರ ಹಣ. ಸಾಮಗ್ರಿಗಳು ಸುಸ್ಥಿತಿಯಲ್ಲಿ ಹಿಂದಕ್ಕೆ ಬರುವವರೆಗೆ ಅದು ಭದ್ರತೆಯಾಗಿ ಸರಬರಾಜುದಾರರ ಬಳಿ ಇರುತ್ತದೆ. ಒಂದೇ ಚೀಟಿಯಲ್ಲಿ "ರೂ. 15,000 ಜಮಾ" ಎಂದು ಬರೆದುಕೊಟ್ಟಲ್ಲಿ ಅದು ಯಾವುದು ಎಂಬುದು ಕಾರ್ಯ ಮುಗಿದ ಮೇಲೆ ವಾದದ ವಿಷಯವಾಗುತ್ತದೆ. ಆದ್ದರಿಂದ ಎರಡಕ್ಕೂ ಪ್ರತ್ಯೇಕ ರಸೀದಿ ಪಡೆಯತಕ್ಕದ್ದು. ರೂ. 5,000ಕ್ಕೆ ಮೀರಿದ ನಗದು ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಗತ್ಯ.

ಸರಕು ಮತ್ತು ಸೇವಾ ತೆರಿಗೆಯು (ಜಿಎಸ್‌ಟಿ) ದಿನಾಂಕ 1-7-2017ರಿಂದ ಜಾರಿಯಲ್ಲಿರುತ್ತದೆ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದಲ್ಲಿ ನೋಂದಣಿ ಕಡ್ಡಾಯ. ಈ ಮಿತಿಯೊಳಗಿದ್ದು ನೋಂದಣಿ ಪಡೆಯದ ಸಣ್ಣ ಅಂಗಡಿಯವರು ಗ್ರಾಹಕರಿಂದ ಜಿಎಸ್‌ಟಿ ಹೆಸರಿನಲ್ಲಿ ಯಾವುದೇ ಮೊತ್ತ ವಸೂಲು ಮಾಡುವಂತಿಲ್ಲ. ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರು ಸಹ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡಲು ಅರ್ಹರಲ್ಲ ಮತ್ತು ಅವರ ಬಿಲ್ಲಿನಲ್ಲಿ ಈ ವಿಷಯ ನಮೂದಾಗಿರಬೇಕು. ತೆರಿಗೆ ವಿಧಿಸಿದ ಬಿಲ್ಲಿನಲ್ಲಿ 15 ಅಕ್ಷರಾಂಕಗಳ ನೋಂದಣಿ ಸಂಖ್ಯೆ ಇರತಕ್ಕದ್ದು. ಕರ್ನಾಟಕದಲ್ಲಿ ಪಡೆದ ನೋಂದಣಿಯಾದಲ್ಲಿ ಮೊದಲ ಎರಡು ಅಂಕಿಗಳು 29 ಆಗಿರುತ್ತವೆ; ನಂತರದ ಹತ್ತು ಅಕ್ಷರಾಂಕಗಳು ಸರಬರಾಜುದಾರರ ಪ್ಯಾನ್ ಸಂಖ್ಯೆಯಾಗಿರುತ್ತವೆ. ಈ ಸಂಖ್ಯೆಯನ್ನು ಜಿಎಸ್‌ಟಿ ಅಂತರಜಾಲ ತಾಣದಲ್ಲಿ ನಮೂದಿಸಿ, ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಅಥವಾ ರದ್ದಾಗಿದೆಯೇ ಎಂಬುದನ್ನು ಯಾರು ಬೇಕಾದರೂ ಉಚಿತವಾಗಿ ಪರಿಶೀಲಿಸಬಹುದು.

ಹಿಂದಿರುಗಿಸತಕ್ಕ ಠೇವಣಿಯ ಮೇಲೆ ತೆರಿಗೆ ಇರುವುದಿಲ್ಲ. ಸರಬರಾಜುದಾರರು ಅದನ್ನು ಬಾಡಿಗೆಗೆ ವಜಾ ಮಾಡಿಕೊಂಡಾಗ ಮಾತ್ರ ಅದು ಸೇವೆಯ ಪ್ರತಿಫಲವೆನಿಸುತ್ತದೆ. ಉದಾಹರಣೆಗೆ, ಶೇ. 18ರ ದರದಲ್ಲಿ ತೆರಿಗೆ ವಿಧಿಸುವ ಸರಬರಾಜುದಾರರಿಂದ ರೂ. 24,000 ಬಾಡಿಗೆಗೆ, ರೂ. 10,000 ಠೇವಣಿ ನೀಡಿ ಸಾಮಗ್ರಿ ಪಡೆಯಲಾಗಿದೆ ಎಂದಿಟ್ಟುಕೊಳ್ಳೋಣ. ತೆರಿಗೆಯನ್ನು ರೂ. 24,000ಕ್ಕೆ ಲೆಕ್ಕ ಹಾಕಿದಲ್ಲಿ ರೂ. 4,320 ಆಗುತ್ತದೆ. ಒಟ್ಟು ರೂ. 34,000ಕ್ಕೆ ಲೆಕ್ಕ ಹಾಕಿದಲ್ಲಿ ರೂ. 6,120 ಆಗುತ್ತದೆ. ವ್ಯತ್ಯಾಸದ ರೂ. 1,800 ಗ್ರಾಹಕರು ಕೊಡಬೇಕಾಗಿಲ್ಲದ ಹಣ. ಠೇವಣಿ ಹಿಂದಕ್ಕೆ ಬರುವಾಗ ಈ ಮೊತ್ತ ಅದರೊಡನೆ ಬರುವುದಿಲ್ಲವಾದ್ದರಿಂದ ಬಿಲ್ಲನ್ನು ಸ್ವೀಕರಿಸುವ ಮುನ್ನವೇ ನೋಡಿಕೊಳ್ಳಬೇಕು.

"ಬಿಲ್ಲು ಬೇಡವೆಂದರೆ ತೆರಿಗೆ ಉಳಿಯುತ್ತದೆ" ಎಂಬ ಸಲಹೆ ಹಲವೆಡೆ ಕೇಳಿಬರುತ್ತದೆ. ಹೀಗೆ ಉಳಿಸಿದ ಹಣಕ್ಕಿಂತ, ತಕರಾರು ಬಂದಾಗ ವ್ಯವಹಾರ ನಡೆದದ್ದಕ್ಕೇ ಪುರಾವೆ ಇಲ್ಲದೆ ಹೋಗುವುದರಿಂದ ಆಗುವ ನಷ್ಟ ದೊಡ್ಡದು. ಸೇವೆಗೆ ಬಿಲ್ಲು ಅಥವಾ ರಸೀದಿ ನೀಡದಿರುವುದನ್ನು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ಯುಪಿಐ ಮೂಲಕ ಹಣ ಸಂದಾಯ ಮಾಡುವವರು ಯಾವ ಬಾಬ್ತಿಗೆ ಎಂಬುದನ್ನು ಟಿಪ್ಪಣಿಯ ಜಾಗದಲ್ಲಿ ಬರೆಯುವುದು ಒಳ್ಳೆಯದು.

ಕರಾರಿನಲ್ಲಿ ಇರಬೇಕಾದದ್ದು

ಛಾಪಾ ಕಾಗದದ ಮೇಲಿನ ಕರಾರು ಪತ್ರ ಅಗತ್ಯವಿಲ್ಲ. ಸರಬರಾಜುದಾರರ ಬಿಲ್ಲು ಪುಸ್ತಕದ ಒಂದು ಹಾಳೆಯಲ್ಲಿ ಉಭಯತ್ರರ ಸಹಿಯೊಂದಿಗೆ ಬರೆದಿಟ್ಟರೂ ಸಾಕಾಗುತ್ತದೆ. ಸಾಮಗ್ರಿಗಳ ಹೆಸರು, ಸಂಖ್ಯೆ, ಅಳತೆ ಮತ್ತು ದರಗಳು ಒಂದೊಂದಾಗಿ ಇರಬೇಕು. "ಶಾಮಿಯಾನ 1" ಎಂದು ಬರೆದರೆ ಸಾಲದು; ಎಷ್ಟು ಅಡಿ ಉದ್ದ, ಎಷ್ಟು ಅಡಿ ಅಗಲ, ಸುತ್ತಲಿನ ಕನಾತು ಸೇರಿದೆಯೇ, ನೆಲಹಾಸು ಸೇರಿದೆಯೇ ಎಂಬುದು ಸ್ಪಷ್ಟವಿರಬೇಕು. ಸಾಗಣೆ ವೆಚ್ಚ, ಏರಿಸಿ ಇಳಿಸುವ ಕೂಲಿ, ಪೆಂಡಾಲು ಕಟ್ಟುವ ಮತ್ತು ಬಿಚ್ಚುವ ಕೂಲಿ, ಪಾತ್ರೆ ತೊಳೆಯುವ ವೆಚ್ಚ, ಜನರೇಟರಿನ ಡೀಸೆಲ್ ಇವುಗಳನ್ನು ಯಾರು ಭರಿಸತಕ್ಕದ್ದೆಂದು ಬರೆಯಬೇಕು. ಕಡಿಮೆ ಬಾಡಿಗೆ ಹೇಳಿ ಈ ಬಾಬ್ತುಗಳಲ್ಲಿ ಹೆಚ್ಚು ವಸೂಲು ಮಾಡುವುದು ಈ ವ್ಯಾಪಾರದ ಹಳೆಯ ರೂಢಿ.

'ಒಂದು ದಿನ' ಎಂಬ ಶಬ್ದಕ್ಕೂ ಅರ್ಥ ನಿಗದಿಯಾಗಬೇಕು. ಹಿಂದಿನ ದಿನ ಸಂಜೆ ವರಪೂಜೆಗೆ ಬಂದ ಕುರ್ಚಿಗಳನ್ನು ಮದುವೆಯ ಮರುದಿನ ಬೆಳಿಗ್ಗೆ ಸರಬರಾಜುದಾರರೇ ತಡವಾಗಿ ಒಯ್ದು, ಮೂರು ದಿನದ ಬಾಡಿಗೆ ಕೇಳಿದ ಪ್ರಸಂಗಗಳಿವೆ. ಸಾಮಗ್ರಿ ಬಂದು ತಲುಪತಕ್ಕ ಗಂಟೆ ಹಾಗೂ ಒಯ್ಯತಕ್ಕ ಗಂಟೆಗಳನ್ನು ಬರೆದಿಟ್ಟಲ್ಲಿ ಈ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಕಾರ್ಯ ಮುಂದೂಡಲ್ಪಟ್ಟರೆ ಅಥವಾ ಸೂತಕದಂತಹ ಕಾರಣದಿಂದ ರದ್ದಾದರೆ ಮುಂಗಡದಲ್ಲಿ ಎಷ್ಟು ಹಿಂದಕ್ಕೆ ಬರುತ್ತದೆ ಎಂಬುದನ್ನು ಶುಭ ಸಂದರ್ಭದಲ್ಲಿ ಪ್ರಸ್ತಾಪಿಸಲು ಹಿರಿಯರು ಸಂಕೋಚಪಡುತ್ತಾರೆ. ಮನೆಯ ಕಿರಿಯರೊಬ್ಬರು ಈ ವಿಷಯವನ್ನು ಕೇಳಿ ಬರೆಸಿಕೊಳ್ಳಬಹುದು.

ಕಳೆದುಹೋದ ಮತ್ತು ಒಡೆದ ಸಾಮಗ್ರಿಗಳ ಹೊಣೆಯ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಬಾಡಿಗೆಗೆ ಪಡೆದ ವಸ್ತುಗಳು ಭಾರತೀಯ ಕರಾರು ಅಧಿನಿಯಮ, 1872ರ 148ನೇ ಪ್ರಕರಣದಿಂದ ಮೊದಲುಗೊಳ್ಳುವ ಉಪಬಂಧಗಳಿಗೆ ಒಳಪಡುತ್ತವೆ. 151ನೇ ಪ್ರಕರಣದಂತೆ ಗ್ರಾಹಕರು, ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನ ಸ್ವಂತ ವಸ್ತುಗಳ ಬಗ್ಗೆ ವಹಿಸುವಷ್ಟು ಜಾಗ್ರತೆಯನ್ನು ವಹಿಸತಕ್ಕದ್ದು. ಅಷ್ಟು ಜಾಗ್ರತೆ ವಹಿಸಿಯೂ ನಷ್ಟ ಸಂಭವಿಸಿದಲ್ಲಿ, ವಿಶೇಷ ಕರಾರು ಇಲ್ಲದಿದ್ದರೆ, 152ನೇ ಪ್ರಕರಣದಂತೆ ಅವರು ಹೊಣೆಗಾರರಲ್ಲ. "ಏನೇ ಆದರೂ ಗ್ರಾಹಕರೇ ಹೊಣೆ" ಎಂದು ಬಿಲ್ಲಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವುದು ಈ ವಿಶೇಷ ಕರಾರನ್ನು ಸೃಷ್ಟಿಸುವ ಉದ್ದೇಶದಿಂದಲೇ ಆದ್ದರಿಂದ ಸಹಿ ಮಾಡುವ ಮುನ್ನ ಅದನ್ನು ಓದತಕ್ಕದ್ದು. ನಿಗದಿತ ಸಮಯಕ್ಕೆ ಹಿಂದಿರುಗಿಸದೆ ಇದ್ದಲ್ಲಿ ಆ ನಂತರದ ನಷ್ಟಕ್ಕೆ ಗ್ರಾಹಕರೇ ಹೊಣೆ. ಒಂದು ಕಾರ್ಯಕ್ಕೆಂದು ತಂದ ಪಾತ್ರೆಗಳನ್ನು ಕೇಳದೆಯೇ ನೆಂಟರ ಮನೆಯ ಕಾರ್ಯಕ್ಕೂ ಕಳುಹಿಸಿದಲ್ಲಿ, ಅಲ್ಲಿ ಆದ ಹಾನಿಗೂ ಅವರೇ ಹೊಣೆಯಾಗುತ್ತಾರೆ.

ಇದೇ ಅಧಿನಿಯಮದ 150ನೇ ಪ್ರಕರಣ ಗ್ರಾಹಕರ ಪರವಾಗಿದೆ. ಇದನ್ನು ಬಲ್ಲವರು ಕಡಿಮೆ. ಬಾಡಿಗೆಗೆ ನೀಡಿದ ವಸ್ತುವಿನಲ್ಲಿ ದೋಷವಿದ್ದು ಅದರಿಂದ ಹಾನಿಯಾದಲ್ಲಿ, ಆ ದೋಷ ತನಗೆ ತಿಳಿದಿರಲಿಲ್ಲವೆಂಬ ಸಮಜಾಯಿಷಿಯನ್ನು ಬಾಡಿಗೆಗೆ ನೀಡಿದವರು ಮುಂದಿಡುವಂತಿಲ್ಲ. ಸೀಳಿದ ಕುರ್ಚಿ ಮುರಿದು ವೃದ್ಧರೊಬ್ಬರು ಬಿದ್ದರೆ, "ನಾನು ನೋಡಿರಲಿಲ್ಲ" ಎಂಬ ಉತ್ತರ ಸರಬರಾಜುದಾರರನ್ನು ಹೊಣೆಯಿಂದ ಮುಕ್ತಗೊಳಿಸುವುದಿಲ್ಲ.

ದಂಡದ ಮೊತ್ತಕ್ಕೂ ಮಿತಿ ಇದೆ. ಕರಾರು ಅಧಿನಿಯಮದ 74ನೇ ಪ್ರಕರಣದಂತೆ ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ, ಆ ಮೊತ್ತವನ್ನು ಮೀರದಂತೆ ನ್ಯಾಯಯುತವಾದ ಪರಿಹಾರವಷ್ಟೇ ದೊರೆಯುತ್ತದೆ. ಹತ್ತು ಲೋಟ ಕಡಿಮೆಯಾದದ್ದಕ್ಕೆ ಇಡೀ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಷರತ್ತು ಈ ಅಳತೆಯಲ್ಲಿ ನಿಲ್ಲುವುದು ಕಷ್ಟ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ವಿಪರೀತ ಭದ್ರತಾ ಠೇವಣಿ ಕೇಳುವುದನ್ನು ಹಾಗೂ ನಷ್ಟಕ್ಕೆ ಹೋಲಿಸಿದಲ್ಲಿ ಅತಿಯಾದ ದಂಡ ವಿಧಿಸುವುದನ್ನು ಅನುಚಿತ ಕರಾರಿನ ಲಕ್ಷಣಗಳಲ್ಲಿ ಸೇರಿಸಿದೆ. ವಸ್ತುವಾರು ಬೆಲೆಯನ್ನು (ಲೋಟಕ್ಕೆ ಇಷ್ಟು, ಕುರ್ಚಿಗೆ ಇಷ್ಟು) ಮೊದಲೇ ಬರೆಸಿಕೊಂಡಲ್ಲಿ ಈ ಪ್ರಕರಣಗಳ ಆಶ್ರಯ ಪಡೆಯುವ ಅಗತ್ಯವೇ ಬೀಳುವುದಿಲ್ಲ.

ಸಾಮಗ್ರಿ ಬಂದಾಗ ಲಾರಿಯಿಂದ ಇಳಿಸುವ ಸಮಯದಲ್ಲೇ ಎಣಿಸಬೇಕು. ಹಿಂದಿರುಗಿಸುವಾಗ ಲಾರಿಗೆ ಏರಿಸುವ ಮುನ್ನ ಎಣಿಸಬೇಕು. "ಅಂಗಡಿಗೆ ಹೋಗಿ ಎಣಿಸಿ ಹೇಳುತ್ತೇವೆ" ಎಂಬ ಮಾತಿಗೆ ಒಪ್ಪಬಾರದು. ಮೊದಲೇ ಒಡೆದಿರುವ, ಹರಿದಿರುವ ವಸ್ತುಗಳನ್ನು ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದು ಆಗಲೇ ಸರಬರಾಜುದಾರರಿಗೆ ಕಳುಹಿಸುವುದು ಸುಲಭವಾದ ಪುರಾವೆ. ಈ ಕೆಲಸಕ್ಕೆ ಮನೆಯ ಯಜಮಾನರು ಒದಗುವುದಿಲ್ಲವಾದ್ದರಿಂದ ಪಾತ್ರೆಗಳ ಉಸ್ತುವಾರಿಗೆಂದೇ ಒಬ್ಬರನ್ನು ನೇಮಿಸುವ ಹಳೆಯ ಪದ್ಧತಿ ಇಂದಿಗೂ ಅನುಸರಣೀಯ.

ಪೆಂಡಾಲು ಮತ್ತು ವಿದ್ಯುತ್

ತಾತ್ಕಾಲಿಕ ಪೆಂಡಾಲುಗಳಲ್ಲಿ ಬೆಂಕಿಯ ಅಪಾಯ ತಡೆಯುವ ಬಗ್ಗೆ ಭಾರತೀಯ ಮಾನಕ ಬ್ಯೂರೋ ಐಎಸ್ 8758 ಎಂಬ ಮಾನಕವನ್ನು ಹೊರತಂದಿದೆ. ಕೃತಕ ನೂಲಿನ ಬಟ್ಟೆ ಮತ್ತು ಹಗ್ಗಗಳನ್ನು ಬಳಸಬಾರದು, ವಿದ್ಯುತ್ ತಂತಿಗಳ ಕೆಳಗೆ ಪೆಂಡಾಲು ಹಾಕಬಾರದು, ಸುತ್ತಲೂ ಜಾಗ ಬಿಡಬೇಕು, ನಿರ್ಗಮನ ದಾರಿಗಳು ಸಾಕಷ್ಟು ಇರಬೇಕು ಎಂಬುದು ಅದರ ಮುಖ್ಯಾಂಶ. ಮಾರುಕಟ್ಟೆಯಲ್ಲಿ ಈಗ ಮಿರುಗುವ ಕೃತಕ ಬಟ್ಟೆಯೇ ಹೆಚ್ಚು. ಇಂತಹ ಬಟ್ಟೆ ಹೊತ್ತಿದಾಗ ಕರಗಿ, ಉರಿಯುವ ಹನಿಗಳಾಗಿ ಕೆಳಗಿರುವವರ ಮೇಲೆ ಬೀಳುತ್ತದೆ. ಹತ್ತಿ ಬಟ್ಟೆ ದೊರೆಯುವುದಾದರೆ ಅದನ್ನೇ ಕೇಳಬೇಕು. ದೊರೆಯದಿದ್ದಲ್ಲಿ ಅಡುಗೆ ಸ್ಥಳ, ಹೋಮಕುಂಡ ಹಾಗೂ ಬಿಸಿಯಾಗುವ ಫೋಕಸ್ ದೀಪಗಳನ್ನು ಬಟ್ಟೆಯಿಂದ ದೂರವಿಡಬೇಕು. ಅಡುಗೆಯನ್ನು ಊಟದ ಪೆಂಡಾಲಿನ ಅಡಿಯಲ್ಲಿ ಮಾಡಿಸಕೂಡದು.

ಪೆಂಡಾಲಿಗೆ ಎದುರುಬದುರಾಗಿ ಕನಿಷ್ಠ ಎರಡು ದಾರಿಗಳಿರಬೇಕು. ಶೋಭೆಗಾಗಿ ನಾಲ್ಕೂ ಕಡೆ ಕನಾತು ಕಟ್ಟಿ ಮುಂಭಾಗದಲ್ಲಿ ಒಂದೇ ಕಮಾನು ಬಿಡುವುದು ಅಪಾಯಕರ. ಕನಾತುಗಳನ್ನು ಒಂದೇ ಎಳೆತಕ್ಕೆ ಬಿಚ್ಚುವಂತೆ ಗಂಟು ಹಾಕಲು ಕೆಲಸಗಾರರಿಗೆ ಹೇಳಬೇಕು. ಒಂದೆರಡು ಅಗ್ನಿಶಾಮಕ ಸಾಧನಗಳು, ನೀರಿನ ಡ್ರಮ್ಮು ಮತ್ತು ಮರಳು ತುಂಬಿದ ಬಕೆಟ್ಟುಗಳನ್ನು ಸರಬರಾಜುದಾರರೇ ಒದಗಿಸುವಂತೆ ಕರಾರಿನಲ್ಲಿ ಸೇರಿಸಬಹುದು.

ಮದುವೆಗಳು ಹೆಚ್ಚಾಗಿ ನಡೆಯುವ ಏಪ್ರಿಲ್, ಮೇ ತಿಂಗಳುಗಳೇ ರಾಜ್ಯದಲ್ಲಿ ಗುಡುಗು, ಬಿರುಗಾಳಿ ಸಹಿತ ಮುಂಗಾರು ಪೂರ್ವ ಮಳೆಯ ಕಾಲ. ಗೂಟಗಳನ್ನು ಮಣ್ಣಿನ ನೆಲದಲ್ಲಿ ಆಳವಾಗಿ ಹೊಡೆಯಬಹುದು. ಕಾಂಕ್ರೀಟ್ ರಸ್ತೆ ಅಥವಾ ತಾರಸಿಯ ಮೇಲೆ ಗೂಟ ಹೊಡೆಯಲು ಬಾರದೆ ಕಂಬಗಳನ್ನು ಕಲ್ಲಿಗೋ, ಕಿಟಕಿಯ ಸರಳಿಗೋ ಕಟ್ಟಿ ಬಿಡುತ್ತಾರೆ. ಅಂತಹ ಕಡೆ ಮರಳಿನ ಚೀಲ ಅಥವಾ ನೀರು ತುಂಬಿದ ಡ್ರಮ್ಮುಗಳ ಭಾರ ಕೊಡಬೇಕು. ಮೇಲ್ಹೊದಿಕೆಗೆ ಇಳಿಜಾರು ಇಲ್ಲದಿದ್ದಲ್ಲಿ ಮಳೆನೀರು ಮಧ್ಯದಲ್ಲಿ ನಿಂತು ಭಾರಕ್ಕೆ ಕುಸಿಯುತ್ತದೆ. ಗಾಳಿ ಜೋರಾದಾಗ ಪೆಂಡಾಲಿನ ಕಂಬಗಳನ್ನು ಹಿಡಿದು ನಿಲ್ಲುವುದು ಕೂಡದು. ಜನರನ್ನು ಹೊರಗೆ ಕಳುಹಿಸಬೇಕು. ಆ ಹೊತ್ತಿನಲ್ಲಿ ಸರಬರಾಜುದಾರರ ಕಡೆಯ ಒಬ್ಬ ಅನುಭವಿ ಕೆಲಸಗಾರ ಸ್ಥಳದಲ್ಲಿ ಇರುವಂತೆ ಮೊದಲೇ ಮಾತಾಡಿಕೊಳ್ಳಬೇಕು. ಕಟ್ಟಿ ಹೋದವರು ಬಿಚ್ಚಲಿಕ್ಕೇ ಬರುವುದು ಸರಿಯಾದ ಸೇವೆಯಲ್ಲ.

ಕಬ್ಬಿಣದ ಪೈಪುಗಳನ್ನು ಎತ್ತಿ ನಿಲ್ಲಿಸುವಾಗ ಮೇಲಿನ ವಿದ್ಯುತ್ ತಂತಿಗೆ ತಗುಲಿ ಕೆಲಸಗಾರರು ಸಾವಿಗೀಡಾಗುವ ಅಪಾಯ ಸದಾ ಇರುತ್ತದೆ. ಸ್ಥಳವನ್ನು ಮುಂಚಿತವಾಗಿ ನೋಡದೆ ಫೋನಿನಲ್ಲೇ ಒಪ್ಪಿಕೊಳ್ಳುವ ಸರಬರಾಜುದಾರರ ಬಗ್ಗೆ ಈ ಕಾರಣದಿಂದಲೇ ಎಚ್ಚರ ವಹಿಸಬೇಕು.

ದೀಪಾಲಂಕಾರಕ್ಕೆ ಬೀದಿ ಕಂಬದಿಂದ ಕೊಕ್ಕೆ ಹಾಕಿ ವಿದ್ಯುತ್ ಪಡೆಯುವುದು ವಿದ್ಯುಚ್ಛಕ್ತಿ ಅಧಿನಿಯಮ, 2003ರ 135ನೇ ಪ್ರಕರಣದಡಿ ಅಪರಾಧ. ಹೆಚ್ಚಿನ ಹೊರೆ ಇದ್ದಲ್ಲಿ ಆಯಾ ಪ್ರದೇಶದ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಯಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ವೈರುಗಳ ಜೋಡಣೆಗಳು ಬರಿಯ ಟೇಪಿನಿಂದ ಸುತ್ತಿದವುಗಳಾಗಿರದೆ ಪ್ಲಗ್ ಮತ್ತು ಸಾಕೆಟ್ಟಿನ ಮೂಲಕ ಇರಬೇಕು; ಅವು ಜಮಖಾನದ ಕೆಳಗೆ ಹಾದುಹೋಗಬಾರದು; ಕಬ್ಬಿಣದ ಕಂಬಗಳಿಗೆ ಸುತ್ತಿರಬಾರದು. ವಿದ್ಯುತ್ ಸೋರಿಕೆಯಾದ ಕೂಡಲೇ ಸಂಪರ್ಕ ಕಡಿತಗೊಳಿಸುವ 30 ಮಿಲಿ ಆಂಪಿಯರ್ ಸಾಮರ್ಥ್ಯದ ಸಾಧನ ಅಳವಡಿಸಿದ್ದಾರೆಯೇ ಎಂದು ಕೇಳತಕ್ಕದ್ದು. ಅದರ ಬೆಲೆ ಒಂದು ದಿನದ ಹೂವಿನ ಅಲಂಕಾರದ ವೆಚ್ಚಕ್ಕಿಂತ ಬಹಳ ಕಡಿಮೆ. ಜನರೇಟರನ್ನು ಗಾಳಿಯಾಡುವ ಬಯಲಿನಲ್ಲಿ, ಜನರಿಂದ ದೂರ ನಿಲ್ಲಿಸಬೇಕು. ಮುಚ್ಚಿದ ಜಾಗದಲ್ಲಿ ಅದರ ಹೊಗೆ ಪ್ರಾಣಾಂತಿಕ.

ಅಡುಗೆ ಪಾತ್ರೆಗಳು ಮತ್ತು ಅನಿಲ

ಹಿತ್ತಾಳೆ ಮತ್ತು ತಾಮ್ರದ ಹಂಡೆ, ಕೊಳಗ, ತಪ್ಪಲೆಗಳನ್ನು ಪಡೆಯುವಾಗ ಒಳಗಿನ ಕಲಾಯಿ ಬೆಳ್ಳಗೆ, ಎಡೆಬಿಡದೆ ಇರುವುದನ್ನು ನೋಡಿಕೊಳ್ಳಬೇಕು. ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು, ಹುಳಿ, ಮಜ್ಜಿಗೆಯಂತಹ ಹುಳಿ ಪದಾರ್ಥಗಳನ್ನು ಮಾಡಿದಲ್ಲಿ ಲೋಹದ ಅಂಶ ಆಹಾರಕ್ಕೆ ಸೇರಿ ವಾಂತಿ, ಹೊಟ್ಟೆನೋವು ಉಂಟಾಗುತ್ತದೆ. ಕಲಾಯಿ ಮಾಡುವವರೇ ವಿರಳವಾಗಿರುವ ಈ ಕಾಲದಲ್ಲಿ ಇದರ ಬಗ್ಗೆ ಸರಬರಾಜುದಾರರು ಉದಾಸೀನರಾಗಿರುವುದು ಕಂಡುಬರುತ್ತದೆ. ಅನುಮಾನವಿದ್ದಲ್ಲಿ ಉಕ್ಕಿನ ಪಾತ್ರೆಗಳನ್ನೇ ಆರಿಸಿಕೊಳ್ಳುವುದು ಲೇಸು. ಹಿಂದಿನ ಕಾರ್ಯದಿಂದ ನೇರವಾಗಿ ಬಂದ ಪಾತ್ರೆಗಳನ್ನು ಬಿಸಿನೀರಿನಲ್ಲಿ ಮತ್ತೊಮ್ಮೆ ತೊಳೆಯದೆ ಬಳಸಬಾರದು.

ಬಾಡಿಗೆಗೆ ಪಡೆದ ಒಲೆಗಳ ರಬ್ಬರ್ ಕೊಳವೆ ಬಿರುಕು ಬಿಟ್ಟಿರುವುದು ಸಾಮಾನ್ಯ. ಅದನ್ನು ಸಾಬೂನಿನ ನೀರು ಸವರಿ ಪರೀಕ್ಷಿಸಬೇಕು, ಬೆಂಕಿ ಕಡ್ಡಿ ಗೀರಿ ಅಲ್ಲ. ಅಡುಗೆ ಗುತ್ತಿಗೆದಾರರು 14.2 ಕಿಲೋಗ್ರಾಂ ತೂಕದ ಗೃಹಬಳಕೆಯ ಸಿಲಿಂಡರುಗಳನ್ನು ಬಳಸುವುದು ನಿಯಮಬಾಹಿರ. 19 ಕಿಲೋಗ್ರಾಂನ ವಾಣಿಜ್ಯ ಸಿಲಿಂಡರುಗಳನ್ನೇ ಬಳಸತಕ್ಕದ್ದು.

ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಹಾಗೂ ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಗಳನ್ನು ರಾಜ್ಯದಲ್ಲಿ ದಿನಾಂಕ 11-3-2016ರ ಅಧಿಸೂಚನೆಯಂತೆ ನಿಷೇಧಿಸಲಾಗಿದೆ. ದಿನಾಂಕ 1-7-2022ರಿಂದ ದೇಶದಾದ್ಯಂತ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟಗಳ ಜೊತೆಗೆ ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ ಸಹ ನಿಷೇಧಿತವಾಗಿದೆ. ಉಕ್ಕಿನ ತಟ್ಟೆ, ಲೋಟಗಳನ್ನು ಬಾಡಿಗೆಗೆ ಪಡೆಯುವುದು ಅಥವಾ ಬಾಳೆ ಎಲೆ, ಮುತ್ತುಗದ ಎಲೆಗಳನ್ನು ಬಳಸುವುದು ಸೂಕ್ತ.

ಧ್ವನಿವರ್ಧಕ, ರಸ್ತೆ ಮತ್ತು ಕೆಲಸಗಾರರು

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರಂತೆ ಧ್ವನಿವರ್ಧಕ ಬಳಕೆಗೆ ಲಿಖಿತ ಅನುಮತಿ ಅಗತ್ಯ. ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಪೆಂಡಾಲು ಹಾಕಲು ಸ್ಥಳೀಯ ಸಂಸ್ಥೆ ಮತ್ತು ಪೊಲೀಸ್ ಠಾಣೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. "ಅದೆಲ್ಲ ನಾವು ನೋಡಿಕೊಳ್ಳುತ್ತೇವೆ" ಎನ್ನುವ ಸರಬರಾಜುದಾರರಿಂದ ಅನುಮತಿ ಪತ್ರದ ಪ್ರತಿಯನ್ನು ಕೇಳಿ ಪಡೆಯತಕ್ಕದ್ದು. 14 ವರ್ಷದೊಳಗಿನ ಮಕ್ಕಳನ್ನು ಪಾತ್ರೆ ತೊಳೆಯಲು, ಸಾಮಗ್ರಿ ಹೊರಲು ಬಳಸುವುದು ಅಪರಾಧವಾಗಿದ್ದು, ಕಂಡುಬಂದಲ್ಲಿ 1098 ಸಂಖ್ಯೆಗೆ ಕರೆ ಮಾಡಬಹುದು.

ಕಲ್ಯಾಣ ಮಂಟಪದವರ ಕಡ್ಡಾಯ

ಕೆಲವು ಕಲ್ಯಾಣ ಮಂಟಪಗಳಲ್ಲಿ ತಮ್ಮ ಕಡೆಯ ಅಲಂಕಾರದವರು, ದೀಪದವರು ಹಾಗೂ ಪಾತ್ರೆಯವರನ್ನೇ ಬಳಸಬೇಕೆಂಬ ಷರತ್ತು ಇರುತ್ತದೆ. ಒಂದು ಸೇವೆ ಪಡೆಯಬೇಕಾದರೆ ಇನ್ನೊಂದನ್ನೂ ಬಾಡಿಗೆಗೆ ಪಡೆಯಲೇಬೇಕೆಂದು ಒತ್ತಾಯಿಸುವುದನ್ನು 2019ರ ಅಧಿನಿಯಮವು ನಿರ್ಬಂಧಕ ವ್ಯಾಪಾರ ಪದ್ಧತಿಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಮಂಟಪ ಕಾಯ್ದಿರಿಸುವ ಮೊದಲೇ ಷರತ್ತುಗಳ ಪಟ್ಟಿಯನ್ನು ಪಡೆದು, ಆ ಪರಿಕರಗಳ ದರವನ್ನು ಹೊರಗಿನ ದರದೊಡನೆ ಹೋಲಿಸಿ ನೋಡುವುದು ಅಗತ್ಯ.

ತಕರಾರು ಉಂಟಾದಲ್ಲಿ

ಸಾಮಗ್ರಿ ಬಾರದಿದ್ದಲ್ಲಿ, ಕಡಿಮೆ ಬಂದಲ್ಲಿ, ದೋಷಪೂರಿತವಾಗಿದ್ದಲ್ಲಿ ಅಥವಾ ಠೇವಣಿ ಹಿಂದಿರುಗಿಸದಿದ್ದಲ್ಲಿ ಮೊದಲು ಸರಬರಾಜುದಾರರಿಗೆ ದಿನಾಂಕ ನಮೂದಿಸಿ, ನಿರ್ದಿಷ್ಟ ಕಾಲಾವಕಾಶ ನೀಡಿ, ಸ್ಪೀಡ್ ಪೋಸ್ಟ್ ಮೂಲಕ ಪತ್ರ ಬರೆಯುವುದು ಉತ್ತಮ. ಅನೇಕ ತಕರಾರುಗಳು ಈ ಹಂತದಲ್ಲೇ ಇತ್ಯರ್ಥವಾಗುತ್ತವೆ. ಸಮಾರಂಭದ ದಿನವೇ ಬೇರೆಡೆಯಿಂದ ಹೆಚ್ಚಿನ ದರಕ್ಕೆ ಸಾಮಗ್ರಿ ತರಿಸಬೇಕಾಗಿ ಬಂದಿದ್ದಲ್ಲಿ ಆ ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಪರಿಹಾರದ ಲೆಕ್ಕಕ್ಕೆ ಅವೇ ಆಧಾರ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೂ ದೂರು ದಾಖಲಿಸಬಹುದು. ಇತ್ಯರ್ಥವಾಗದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಸೇವೆಗೆ ಸಂದಾಯ ಮಾಡಿದ ಪ್ರತಿಫಲ ರೂ. 50 ಲಕ್ಷ ಮೀರದಿದ್ದಲ್ಲಿ ಜಿಲ್ಲಾ ಆಯೋಗಕ್ಕೆ ವ್ಯಾಪ್ತಿ ಇರುತ್ತದೆ, ರೂ. 5 ಲಕ್ಷದವರೆಗೆ ಶುಲ್ಕವಿಲ್ಲ. ಹಿಂದಿನ 1986ರ ಅಧಿನಿಯಮದಲ್ಲಿ ಎದುರುದಾರರ ಊರಿನಲ್ಲಿ ಅಥವಾ ವ್ಯವಹಾರ ನಡೆದ ಸ್ಥಳದಲ್ಲಿ ದೂರು ನೀಡಬೇಕಾಗಿತ್ತು. ಈಗ ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಸ್ಥಳದ ಜಿಲ್ಲಾ ಆಯೋಗಕ್ಕೇ ಸಲ್ಲಿಸಬಹುದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು ಸ್ವಂತ ಊರಿನಲ್ಲಿ ಮದುವೆ ಮಾಡಿದವರಿಗೆ ಇದು ಅನುಕೂಲಕರ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ದಿನಾಂಕ 1-1-2025ರಿಂದ ಕಾರ್ಯಾರಂಭ ಮಾಡಿದ ಇ-ಜಾಗೃತಿ ತಾಣದ ಮೂಲಕವೂ ದೂರು ಸಲ್ಲಿಸಲು ಅವಕಾಶವಿದೆ. ಕರಾರೇ ಅನುಚಿತವಾದದ್ದೆಂದು ಪ್ರಶ್ನಿಸುವ ದೂರನ್ನು ಮಾತ್ರ ಜಿಲ್ಲಾ ಆಯೋಗದ ಬದಲಿಗೆ ರಾಜ್ಯ ಆಯೋಗದ ಮುಂದೆ ಸಲ್ಲಿಸತಕ್ಕದ್ದು.

ಹಣ ಪಾವತಿಸಿದವರು ತಂದೆಯಾಗಿದ್ದು, ಸೇವೆಯ ಪ್ರಯೋಜನ ಪಡೆದವರು ಮಗಳಾಗಿದ್ದಲ್ಲಿ ಇಬ್ಬರೂ ಗ್ರಾಹಕರ ವ್ಯಾಖ್ಯೆಯೊಳಗೆ ಬರುತ್ತಾರೆ. ಲಾಭದ ಉದ್ದೇಶದ ವಾಣಿಜ್ಯ ಕಾರ್ಯಕ್ರಮಕ್ಕೆ, ಉದಾಹರಣೆಗೆ ಟಿಕೆಟ್ ಮಾರಾಟ ಮಾಡಿ ನಡೆಸುವ ಪ್ರದರ್ಶನಕ್ಕೆ, ಪರಿಕರ ಪಡೆದವರಿಗೆ ಈ ಅಧಿನಿಯಮದ ರಕ್ಷಣೆ ದೊರೆಯುವುದಿಲ್ಲ. ಅವರು ಸಿವಿಲ್ ನ್ಯಾಯಾಲಯವನ್ನು ಆಶ್ರಯಿಸಬೇಕಾಗುತ್ತದೆ.

ದೂರಿನೊಂದಿಗೆ ಬಿಲ್ಲು, ಮುಂಗಡ ಮತ್ತು ಠೇವಣಿಯ ರಸೀದಿಗಳು, ಸಾಮಗ್ರಿಗಳ ಪಟ್ಟಿ, ಛಾಯಾಚಿತ್ರಗಳು, ಮೊಬೈಲ್ ಸಂದೇಶಗಳ ಮುದ್ರಿತ ಪ್ರತಿ ಹಾಗೂ ಸರಬರಾಜುದಾರರಿಗೆ ಬರೆದ ಪತ್ರ ಮತ್ತು ಅದರ ಅಂಚೆ ರಸೀದಿಯನ್ನು ಲಗತ್ತಿಸತಕ್ಕದ್ದು. ತಕರಾರಿಗೆ ಕಾರಣ ಉದ್ಭವಿಸಿದ ದಿನಾಂಕದಿಂದ 2 ವರ್ಷಗಳೊಳಗೆ ದೂರು ಸಲ್ಲಿಕೆಯಾಗಬೇಕು.